ಕೂಸು ಹುಡುಕಿದ ಕೈ

"ಕೈ ಚಾಚೇ ಸಿದ್ದಗಂಗಾ! ಗಂಡನ್ನ ಮಣ್ಣು ಮಾಡಿ ಬಂದ್ಮೇಲೂ ಬಳೆ ತೊಟ್ಟು ಕೂತ್ರೆ ಊರೋರು ಏನಂದಾರು?"

ಲಕ್ಷ್ಮೀದೇವಮ್ಮನ ಗದರಿಕೆಗೆ ಗುಬ್ಬಿಯ ಆ ಮನೆಯಲ್ಲಿ ಸೇರಿದ್ದ ಹೆಂಗಸರೆಲ್ಲ ತಲೆ ತಗ್ಗಿಸಿದರು. ಮಗ ಮಹಾಲಿಂಗಯ್ಯ ಕುಣಿಗಲ್ ರಸ್ತೆಯಲ್ಲಿ ಲಾರಿ ಮಗುಚಿ ಸತ್ತಿದ್ದ. ಹೆಣದ ಮುಂದೆಯೂ ಅವಳು ಕಣ್ಣೀರು ಹಾಕಿರಲಿಲ್ಲ. ಸೊಸೆ ಮಾತ್ರ ಅತ್ತು ಅತ್ತು ಗಂಟಲು ಕಟ್ಟಿ, ಈಗ ಕೈಗಳೆರಡನ್ನೂ ಎದೆಗೆ ಒತ್ತಿಕೊಂಡು ಕೂತಿದ್ದಳು. ಹೊರಟದ್ದು ಸ್ವರವಲ್ಲ, ಬರಿಯ ಉಸಿರು.

"ಬ್ಯಾಡ ಅತ್ತೆಮ್ಮಾ... ಕೂಸು ನನ್ನ ಗುರುತು ಹಿಡಿಯೋದು ಈ ಸದ್ದಿನಿಂದ..."

"ಕೂಸಿನ ನೆಪ ಹೇಳಬ್ಯಾಡ! ಅದರ ಕಣ್ಣು ತಿಂದೋಳೇ ನೀನು!"

ಆ ಮಾತು ಆ ಮನೆಗೆ ಹೊಸದಲ್ಲ. ಏಳು ತಿಂಗಳಿಗೇ ಹುಟ್ಟಿದ ಕೂಸು ಅದು. ಎತ್ತಿಕೊಳ್ಳಲು ಹೆದರಿಕೆಯಾಗುವಷ್ಟು ಸಣ್ಣದು. ಬೆಂಗಳೂರಿನ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿಟ್ಟು, ಆಮ್ಲಜನಕ ಕೊಟ್ಟು ಉಳಿಸಿದ್ದರು. ಜೀವ ಉಳಿಯಿತು, ಆದರೆ ದೀಪ ಹಿಡಿದರೂ ಕೂಸು ಅತ್ತ ತಿರುಗಲಿಲ್ಲ. ತುಮಕೂರಿನ ಕಣ್ಣಿನ ಡಾಕ್ಟರು ಮೆಲ್ಲಗೆ ಹೇಳಿದ್ದರು: "ಕಣ್ಣಿನ ಒಳಪರದೆಗೆ ರಕ್ತನಾಳ ಪೂರ್ತಿ ಹಬ್ಬೋದು ಬಸಿರಿನ ಕೊನೇ ತಿಂಗಳುಗಳಲ್ಲಿ ಕಣಮ್ಮ. ಇದು ಮೊದಲೇ ಬಂದುಬಿಡ್ತು. ಹೊರಗೆ ಅವು ಅಡ್ಡಾದಿಡ್ಡಿ ಬೆಳೆದು ಪರದೆಯನ್ನೇ ಎಳೆದು ಕಿತ್ತಿವೆ. ಉಸಿರು ಉಳಿಸಿದ ಆಮ್ಲಜನಕವೂ ಒಂದು ಕಾರಣ ಇರಬಹುದು. ಇದರಲ್ಲಿ ಯಾರ ತಪ್ಪೂ ಇಲ್ಲ."

ಯಾರ ತಪ್ಪೂ ಇಲ್ಲದ ದುಃಖವನ್ನು ಹೊರುವುದು ಲಕ್ಷ್ಮೀದೇವಮ್ಮನಿಗೆ ಗೊತ್ತಿರಲಿಲ್ಲ. ಗ್ರಹಣದಲ್ಲಿ ಹೊರಗೆ ಬಂದಳೆಂದು ಸೊಸೆಯ ಮೇಲೆ ಹೊರಿಸಿದಳು. ಅವಳೊಳಗೆ ಇನ್ನೊಂದು ಕಿಚ್ಚೂ ಇತ್ತು. ಕೂಸಿಗೆ ವರ್ಷ ತುಂಬಿದ್ದರೂ ಅಜ್ಜಿಯ ತೊಡೆ ಒಗ್ಗಿರಲಿಲ್ಲ. ಎತ್ತಿಕೊಂಡಾಗಲೆಲ್ಲ ಅವಳ ಮಣಿಕಟ್ಟು ತಡವಿ, ಕಿರುಚಿ, ಎದೆಗೆ ಕೈಯಿಟ್ಟು ದೂರ ತಳ್ಳುತ್ತಿತ್ತು. "ಅವ್ವನೇ ಹೇಳಿಕೊಟ್ಟವ್ಳೆ!" ಎಂದು ಅವಳು ಹಲ್ಲು ಕಡಿಯುತ್ತಿದ್ದಳು.

ಈಗ ಅವಳೇ ಸೊಸೆಯ ಕೈ ಎಳೆದು ಕಲ್ಲಿನ ಮೇಲಿಟ್ಟಳು. ಹಸಿರು ಗಾಜು ಚೂರುಚೂರಾಯಿತು. ತಲೆಗೆ ನೀರು ಹಾಕಿ, ಗಂಜಿ ವಾಸನೆಯ ಹೊಸ ಸೀರೆ ಉಡಿಸಿದರು.

ತೊಟ್ಟಿಲಲ್ಲಿ ಕೂಸು ಎದ್ದು ಅಳತೊಡಗಿತು. ತಾಯಿಯ ತೊಡೆಗೆ ಹಾಕಿದರು. ಪುಟ್ಟ ಬೆರಳುಗಳು ಮಣಿಕಟ್ಟು ತಡವಿದವು... ಮೊಳಕೈವರೆಗೂ ಹೋಗಿ ಮತ್ತೆ ಬಂದವು... ತಾಯಿ ಕರೆಯಲು ಬಾಯಿ ತೆರೆದಳು, ಸ್ವರವಿಲ್ಲ. ಕೂಸು ಕಿಟಾರನೆ ಕಿರುಚಿ, ಹೆತ್ತವಳ ಎದೆಗೆ ಕೈಯಿಟ್ಟು ದೂರ ತಳ್ಳಿತು!

ಲಕ್ಷ್ಮೀದೇವಮ್ಮ ಕಲ್ಲಾದಳು. ಅದೇ ತಡವುವಿಕೆ, ಅದೇ ತಳ್ಳು! ಅಯ್ಯೋ... ಕೂಸು ತನ್ನನ್ನು ಎಂದೂ ಹಗೆ ಮಾಡಿರಲಿಲ್ಲ. ಗಂಡ ಸತ್ತಂದಿನಿಂದ ಬೋಳಾಗಿದ್ದ ತನ್ನ ಕೈಯಲ್ಲಿ ಅದು ಅವ್ವನನ್ನು ಹುಡುಕುತ್ತಿತ್ತು, ಅಷ್ಟೆ!

ಅವಳು ಸರಸರನೆ ಹೋಗಿ ಪಕ್ಕದ ಬೀದಿಯ ಬಳೆಗಾರ್ತಿ ಮಸ್ತಾನ್ ಬೀಯನ್ನು ಬಳೆ ಪೋಣಿಸಿದ ಮಲಾರದ ಸಮೇತ ಕರೆತಂದಳು.

"ಗಾಜಿನವು ತೊಡಿಸು ತಾಯಿ. ಚೆನ್ನಾಗಿ ಸದ್ದು ಬರೋವು."

"ಯಾರಿಗಮ್ಮಾ?" ಮಸ್ತಾನ್ ಬೀ ಸುತ್ತ ನೋಡಿ ಬೆಚ್ಚಿದಳು.

"ತಲೆ ಕೆಟ್ಟೈತಾ ಅಕ್ಕಾ?" ತಂಗಿ ಹನುಮಂತಮ್ಮ ಎದ್ದು ನಿಂತಳು. "ಮುಂಡೆಗೆ ಬಳೆಯಾ!"

"ಗಂಡನ ಬಳೆ ಒಡೆದಾಯ್ತು ಕಣೇ. ಇವು ಕೂಸಿನವು. ಕೇಳೋರು ಬಂದು ನನ್ನ ಕೇಳ್ಲಿ!"

ಸೊಸೆಯ ಕೈಯನ್ನು ಅವಳೇ ಹಿಡಿದುಕೊಂಡಳು. ಬಳೆ ಏರಿತು, ಗಲಗಲ ಎಂದಿತು. ಕೂಸು ಅಳು ನಿಲ್ಲಿಸಿ ಕಿವಿಗೊಟ್ಟಿತು. ತಡವರಿಸಿ ಬಂದು ಎರಡೂ ಕೈಯಿಂದ ಬಳೆಗಳನ್ನು ಹಿಡಿದು, ತಾಯಿಯ ಎದೆಗೆ ಮುಖ ಹುದುಗಿಸಿತು.

ಮಸ್ತಾನ್ ಬೀ ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದಳು: "ನಿಮಗೂ ಒಂದೆರಡು ತೊಡಿಸ್ಲಾ ಅಮ್ಮಾ? ಕೂಸು ನಿಮ್ಮ ಹತ್ರಾನೂ ಬಂದಾತು."

ಲಕ್ಷ್ಮೀದೇವಮ್ಮ ಮಲಾರವನ್ನೇ ಕ್ಷಣಕಾಲ ನೋಡಿದಳು.

"ಬ್ಯಾಡ ಬುಡವ್ವ... ಇಬ್ಬರ ಕೈಲೂ ಸದ್ದಾದ್ರೆ, ಅವ್ವ ಯಾರು ಅಂತ ಅದಕ್ಕೆ ಹೆಂಗೆ ಗೊತ್ತಾದಾತು?"

ಎಂದವಳೇ ಬೋಳು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು, ಗೋಡೆಗೆ ತಿರುಗಿ, ಮಗ ಸತ್ತಮೇಲೆ ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತಳು.