ಮೀನಿನ ಗುಹೆಗೆ ಕೊಟ್ಟ ಬಿಳಿ ಕಲ್ಲು

"ಹಿಂದೆ ಸರಿ. ಇನ್ನೂ ಹಿಂದೆ," ಅಂದರು ತಾತ.

ಬೆನ್ನು ಕಾಂಪೌಂಡಿಗೆ ತಾಗುವವರೆಗೂ ಮೋನಿಷಾ ಹಿಂದೆ ಸರಿದಳು. ಅವಳ ತಾತ ಮುನಿರಾಮಪ್ಪ ಗಾರೆ ಕೆಲಸದ ಮೇಸ್ತ್ರಿ. ಚಾಮರಾಜಪೇಟೆಯ ಈ ಹಳೇ ಮನೆಯನ್ನು ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಇಂಥ ಗೋಡೆಗೆ ಸಿಮೆಂಟ್ ಬಳಿದರೆ ನಾಲ್ಕು ಮಳೆಗೆ ಕಿತ್ತುಕೊಂಡು ಬರುತ್ತದೆ ಅಂತ ಮನೆಯವರ ಹತ್ತಿರ ವಾದ ಮಾಡಿ, ತಾತ ರಿಪೇರಿಗೂ ಸುಣ್ಣವನ್ನೇ ತರಿಸಿದ್ದರು. ಅದನ್ನು ನೀರಿನಲ್ಲಿ ಅರಳಿಸುವುದನ್ನು ನೋಡಬೇಕು ಅಂತ ಮೋನಿಷಾ ಒಂದು ವಾರದಿಂದ ಅವರ ತಲೆ ತಿಂದಿದ್ದಳು. ಇವತ್ತು ಶನಿವಾರ, ಅರ್ಧ ದಿನ ಸ್ಕೂಲು. ಬ್ಯಾಗ್ ಸಮೇತ ಇಲ್ಲಿಗೇ ಬಂದುಬಿಟ್ಟಿದ್ದಳು.

ತಾತ ಮೂಟೆಯಿಂದ ಒಂದು ಬಿಳಿ ಕಲ್ಲನ್ನು ಸಲಿಕೆಯಲ್ಲಿ ತೆಗೆದು, ನೀರಿದ್ದ ಡ್ರಮ್ಮಿಗೆ ಮೆಲ್ಲಗೆ ಜಾರಿಸಿದರು.

ಮೊದಲು ಏನೂ ಆಗಲಿಲ್ಲ. ಇಷ್ಟಕ್ಕೇನಾ ಇಷ್ಟು ಬಿಲ್ಡಪ್ಪು ಅಂದುಕೊಂಡಳು ಮೋನಿಷಾ. ಅಷ್ಟರಲ್ಲಿ ಕಲ್ಲು ಬುಸುಗುಟ್ಟಿತು. ಪಟಪಟ ಸಿಡಿದು ಚೂರಾಯಿತು. ನೀರು ಕೊತಕೊತ ಕುದಿಯಿತು. ಎದ್ದ ಹಬೆಯಲ್ಲಿ ತಾತನ ಮುಖವೇ ಕಾಣಲಿಲ್ಲ. ಅವಳು ಬಗ್ಗಿ ನೋಡಿದಳು. ಡ್ರಮ್ಮಿನ ಕೆಳಗೆ ಬೆಂಕಿ ಇರಲಿಲ್ಲ.

ಕೋಲಿನಿಂದ ಕಲಕುತ್ತಾ ತಾತ ವಿವರಿಸಿದರು. ಸುಣ್ಣಕಲ್ಲನ್ನು ನೆಲದಡಿಯ ಗಣಿಯಿಂದ ಒಡೆದು ತರುತ್ತಾರಂತೆ. ಅದನ್ನು ಗೂಡಿನಲ್ಲಿ ದಿನಗಟ್ಟಲೆ ಸುಡುತ್ತಾರಂತೆ. ಹಾಗೆ ಸುಟ್ಟ ಕಲ್ಲಿಗೆ ನೀರು ತಾಗಿದರೆ ಹೀಗೆ ಕುದಿಯುತ್ತದಂತೆ.

"ಕಣ್ಣಿಗೆ ಹಾರಿದ್ರೆ ತಾತ?"

ತಾತ ತಮ್ಮ ಎಡಗಣ್ಣಿನ ಪಕ್ಕ ಬೆರಳಿಟ್ಟರು. ಆ ಕಣ್ಣು ಮಸುಕಾಗಿರುವುದು ವಯಸ್ಸಾಗಿ ಅಂತಲೇ ಅವಳು ತಿಳಿದಿದ್ದಳು.

"ಹದಿನಾರು ವರ್ಷ ಆಗ ನಂಗೆ. ಒಂದು ಹನಿ, ಅಷ್ಟೇ."

ಮೋನಿಷಾ ಡ್ರಮ್ಮಿನಿಂದ ಕಣ್ಣು ತೆಗೆದು ಮೂಟೆಯ ಕಡೆ ನೋಡಿದಳು. ಸೈನ್ಸ್ ಮಿಸ್ ಬಗೆಬಗೆಯ ಕಲ್ಲು ತನ್ನಿ ಅಂದಿದ್ದರು. ನೆನ್ನೆ ಅವಳು ಈ ಮೂಟೆಯಿಂದಲೇ ಒಂದು ಕಲ್ಲನ್ನು, ಯಾರನ್ನೂ ಕೇಳದೆ, ಪೇಪರಿನಲ್ಲಿ ಸುತ್ತಿ ಒಯ್ದಿದ್ದಳು. ಇವತ್ತು ಕ್ಲಾಸಿನಲ್ಲಿ ಅದನ್ನು ನೋಡಿ ಆರಾಧನಾ ಕುಣಿದಾಡಿದ್ದಳು. "ಕೊಡೇ, ನಮ್ಮ ಫಿಶ್ ಟ್ಯಾಂಕಲ್ಲಿ ಗುಹೆ ಮಾಡ್ತೀನಿ. ಮನೆಗೆ ಹೋದ ತಕ್ಷಣ." ಬೆಸ್ಟ್ ಫ್ರೆಂಡ್ ಕೇಳಿದರೆ ಇಲ್ಲ ಅನ್ನಲಾಗುತ್ತದೆಯೇ? ಕೊಟ್ಟುಬಿಟ್ಟಿದ್ದಳು.

ಹೇಳಿದರೆ ಕದ್ದದ್ದು ಗೊತ್ತಾಗುತ್ತದೆ. ಮೂಟೆ ಮುಟ್ಟಬೇಡ ಅಂತ ತಾತ ಎಷ್ಟು ಸಲ ಹೇಳಿಲ್ಲ? ಸುಮ್ಮನಿರೋಣವೆಂದರೆ, ಗಾಜಿಗೆ ಮೂಗು ಒತ್ತಿ ಮೀನು ನೋಡುವ ಆರಾಧನಾಳ ಎರಡು ಕಣ್ಣುಗಳೇ ಎದುರಿಗೆ ಬಂದವು.

"ತಾತ," ಅಂದಳು. ಮಿಕ್ಕಿದ್ದೆಲ್ಲ ಅಳುವಿನ ಜೊತೆಗೇ ಆಚೆ ಬಂತು.

ತಾತ ಕೋಲನ್ನು ಜೊತೆಗಾರ ಬೈರಯ್ಯನ ಕೈಗಿತ್ತು, ಬರಿಗಾಲಲ್ಲೇ ಗೇಟು ದಾಟಿದರು. ಆರಾಧನಾಳ ಮನೆ ಪಕ್ಕದ ರಸ್ತೆಯಲ್ಲಿತ್ತು. ಅರವತ್ತೆಂಟರ ತಾತ ಮುಂದೆ, ಹತ್ತರ ಮೊಮ್ಮಗಳು ಹಿಂದೆ. ಒಂದು ಆಟೋ ಬ್ರೇಕ್ ಹಾಕಿ ಬೈದು ಹೋಯಿತು. ತಡವಾಗಿದ್ದರೆ? ಆಗಲೇ ಹಾಕಿಬಿಟ್ಟಿದ್ದರೆ?

ಬಾಗಿಲು ತೆರೆದೇ ಇತ್ತು. ಹಾಲಿನಲ್ಲಿ ಆರಾಧನಾ ಸ್ಟೂಲ್ ಹತ್ತಿ ನಿಂತಿದ್ದಳು. ಒಂದು ಕೈಯಲ್ಲಿ ಪೇಪರು, ಪೇಪರಿನ ಮೇಲೆ ಕಲ್ಲು. ಎಲ್ಲಿ ಹಾಕಲಿ ಅಂತ ಟ್ಯಾಂಕಿನ ಮೇಲೆ ಬಗ್ಗಿ ನೋಡುತ್ತಿದ್ದಳು.

ಕಿರುಚಲು ಮೋನಿಷಾ ಬಾಯಿ ತೆರೆದಳು. ತಾತನ ಕೈ ಅವಳ ಭುಜವನ್ನು ಗಟ್ಟಿಯಾಗಿ ಅದುಮಿತು.

"ಪುಟ್ಟಮ್ಮಾ," ಅಂದರು ತಾತ, ಸುಮ್ಮನೆ ಮಾತಾಡಿಸಲು ಬಂದವರಷ್ಟು ನಿಧಾನವಾಗಿ. "ಆ ಕಲ್ಲು ಚೆನ್ನಾಗಿಲ್ಲ ಕಣಮ್ಮಾ. ಪೇಪರ್ ಸಮೇತ ಆ ಟೇಬಲ್ ಮೇಲೆ ಇಡ್ತೀಯಾ? ನಾನು ಬೇರೆ ಒಳ್ಳೇದು ತಂದ್ಕೊಡ್ತೀನಿ."

ದನಿ ಎಷ್ಟು ಮೆತ್ತಗಿತ್ತೆಂದರೆ ಆರಾಧನಾ ಬೆಚ್ಚಲೂ ಇಲ್ಲ. ಮುಖ ಊದಿಸಿಕೊಂಡಳು, ಅಷ್ಟೇ. ಸ್ಟೂಲಿನಿಂದ ಇಳಿದು ಕಲ್ಲನ್ನು ಟೇಬಲ್ಲಿನ ಮೇಲಿಟ್ಟಳು. ಆದರೆ ಮೋನಿಷಾಳ ಭುಜದ ಮೇಲಿದ್ದ ಕೈ ಗಡಗಡ ನಡುಗುತ್ತಿತ್ತು. ನೂಲು ಹಿಡಿಯದೆ ಗೋಡೆಯ ಅಂಚು ನೆಟ್ಟಗೆ ಎಳೆಯುವ ಕೈ ಅದು.

ಆಮೇಲೆ ಆರಾಧನಾಳ ಅಮ್ಮ ಬಂದರು. ತಾತ ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಕಲ್ಲನ್ನು ಒಣ ಡಬ್ಬಿಗೆ ಹಾಕಿಸಿಕೊಂಡು ಆಚೆ ಬಂದು, ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಯಾರದೋ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಈಗ ಬೈಯುತ್ತಾರೆ ಅಂತ ಮೋನಿಷಾ ತಲೆ ತಗ್ಗಿಸಿ ಕಾದಳು.

"ಮೂಟೆ ಬಾಯಿ ಕಟ್ಟಿರ್ಲಿಲ್ಲ ನಾನು," ಅಂದರು ತಾತ. ಟವೆಲ್ಲಿನಿಂದ ಮುಖ ಒರೆಸಿಕೊಳ್ಳಲು ಹೋದರು, ಕೈ ಮಾತು ಕೇಳಲಿಲ್ಲ.

ಇಷ್ಟು ಹೊತ್ತೂ ಹೆದರಿದ್ದು ತಾನೊಬ್ಬಳೇ ಅಂತ ಅವಳು ಅಂದುಕೊಂಡಿದ್ದಳು. ಡಬ್ಬಿಯನ್ನು ದೂರಕ್ಕೆ ಸರಿಸಿ ತಾತನ ಪಕ್ಕ ಒತ್ತಿ ಕೂತಳು. ಅವರ ಕೈಯಿಂದ ಟವೆಲ್ ತೆಗೆದುಕೊಂಡು, ಅವರ ಮುಖವನ್ನು ತಾನೇ ಒರೆಸಿದಳು.