ಗೂಡ್ಸ್ ರೈಲಿನ ಕೊನೆಯ ಡಬ್ಬಿ

ಮೈಸೂರಿನ ಪ್ರದರ್ಶನದಲ್ಲಿ ಪೂವಯ್ಯ ಮಾವ ಆಡಿದ ಒಂದು ಮಾತನ್ನು ಪ್ರವೀಣ ಅಲ್ಲೇ ಮರೆತುಬಿಡಬೇಕಿತ್ತು. ಮರೆಯಲಿಲ್ಲ. ಕಟ್ಟಿಕೊಂಡು ಮಡಿಕೇರಿಗೆ ತಂದ.

ಆಟಿಕೆ ರೈಲು ಮಾಡುವವರೆಲ್ಲ ಸೇರಿದ್ದ ಸಭಾಂಗಣ ಅದು. ಆಟಿಕೆ ಎಂದರೆ ಅವರಿಗೆ ಸಿಟ್ಟು ಬರುತ್ತದೆ, ಮಾದರಿ ಎನ್ನಬೇಕು. ಪ್ರವೀಣ ತನ್ನ ಗೂಡ್ಸ್ ರೈಲನ್ನು ಮೇಜಿನ ಉದ್ದಕ್ಕೂ ನಿಲ್ಲಿಸಿದ್ದ. ಕಲ್ಲಿದ್ದಲು ತುಂಬುವ ತೆರೆದ ವ್ಯಾಗನ್‌ಗಳು, ಅಕ್ಕಿ ಗೋಧಿ ಸಾಗಿಸುವ ಮುಚ್ಚಿದ ವ್ಯಾಗನ್‌ಗಳು, ಪೆಟ್ರೋಲಿನ ಟ್ಯಾಂಕುಗಳು, ಒಂದೊಂದೂ ಅಂಗೈ ಮೇಲೆ ಕೂರುವಷ್ಟು. ಬಾಗಿಲಿನ ಕೊಂಡಿಯಿಂದ ಹಿಡಿದು ರಿವೆಟ್ಟಿನ ತಲೆಯವರೆಗೆ ಯಾವುದನ್ನೂ ಬಿಟ್ಟಿರಲಿಲ್ಲ. ಜನ ಬಂದರು, ಫೋಟೊ ತೆಗೆದರು, ಆಮೇಲೆ ಪಕ್ಕದ ಮೇಜಿಗೆ ಹೋಗಿ ಅಲ್ಲೇ ನಿಂತುಬಿಟ್ಟರು. ಪಕ್ಕದ ಮೇಜಿನ ಮೇಲಿದ್ದದ್ದು ಪೂವಯ್ಯನವರ ಒಂದೇ ಒಂದು ಗಾರ್ಡ್ ಡಬ್ಬಿ. ತಗಡಿನದು, ಒಂದು ಮೂಲೆ ಸೊಟ್ಟ. ಯಾರೋ ಎರಡೂ ಮೇಜುಗಳನ್ನು ಹೋಲಿಸಿ ಏನೋ ಕೇಳಿದರು. ಪೂವಯ್ಯ ನಗುತ್ತಾ ಪ್ರವೀಣನ ಹೆಗಲ ಮೇಲೆ ಕೈಯಿಟ್ಟರು.

"ನಮ್ಮ ಪ್ರವೀಣನ ವ್ಯಾಗನ್‌ಗ ಹೊಸ ಹಲ್ಲ್ ಸೆಟ್‌ನಾಂಗೆ. ನೋಡಿಕೆ ಚಂದ ಉಟ್ಟು. ಆದ್ರೆ ಅಗ್ದ್ ಗೊತ್ತಿಲ್ಲೆ."

ನೋಡಲು ಚಂದ ಇದೆ, ಆದರೆ ಅಗಿದು ಗೊತ್ತಿಲ್ಲ ಎಂದು ಹೇಳಿದ್ದು ಕೊಡಗಿನ ಅರೆಭಾಷೆಯಲ್ಲಿ. ಅರೆಭಾಷೆ ಬಾರದವರಿಗೂ ಅರ್ಥವಾಯಿತು, ಗೊಳ್ಳೆಂದು ನಕ್ಕರು. ಪ್ರವೀಣನೂ ನಕ್ಕ. ಅವನಿಗೆ ಮಡಿಕೇರಿಯಲ್ಲಿ ಹಲ್ಲಿನ ಸೆಟ್ ಮಾಡುವ ಲ್ಯಾಬ್ ಇದೆ. ಪೂವಯ್ಯನವರ ಬಾಯಲ್ಲಿದ್ದ ಸೆಟ್ಟನ್ನು ಮಾಡಿದವನೂ ಅವನೇ. ತಾನು ಕೊಟ್ಟ ಹಲ್ಲಿನಿಂದ ತನ್ನನ್ನೇ ಕಚ್ಚಿದರಲ್ಲ ಎಂದು ವಾಪಸು ಬರುವ ಬಸ್ಸಿನಲ್ಲಿ ಮೈ ಉರಿಯಿತು. ಪಕ್ಕದ ಸೀಟಿನಲ್ಲಿ ಪೂವಯ್ಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಶಾಲನಗರದವರೆಗೂ ನಿದ್ದೆ ಹೊಡೆದರು.

ಕೊಡಗಿಗೆ ರೈಲಿಲ್ಲ. ಹಳಿಯೂ ಇಲ್ಲ, ಸ್ಟೇಷನ್ನೂ ಇಲ್ಲ. ರೈಲೇ ಇಲ್ಲದ ಜಿಲ್ಲೆಯಲ್ಲಿ ರೈಲಿನ ಹುಚ್ಚು ಹಿಡಿದವರು ಇವರಿಬ್ಬರೇ. ಪೂವಯ್ಯ ಭಾಗಮಂಡಲದಿಂದ ಕರಿಕೆಗೆ ಹೋಗುವ ದಾರಿಯವರು. ಹರೆಯದಲ್ಲೇ ರೈಲ್ವೆ ಸೇರಿ, ಅರಸೀಕೆರೆಯ ಕಡೆ ಗೂಡ್ಸ್ ಗಾಡಿಯ ಗಾರ್ಡ್ ಆಗಿ ದುಡಿದು ಊರಿಗೆ ಮರಳಿದವರು. ಗೂಡ್ಸ್ ಗಾರ್ಡ್ ಎಂದರೆ ಒಂಟಿ ಕೆಲಸ. ಎಂಜಿನ್ ಎಲ್ಲೋ ಮುಂದೆ, ಗಾರ್ಡ್ ಎಲ್ಲಕ್ಕಿಂತ ಹಿಂದಿನ ಡಬ್ಬಿಯಲ್ಲಿ. ಎಕ್ಸ್‌ಪ್ರೆಸ್ಸುಗಳಿಗೆ ದಾರಿ ಬಿಡಲು ಗೂಡ್ಸನ್ನು ಯಾವುದೋ ಕಾಡು ಸ್ಟೇಷನ್ನಿನ ಬದಿಯ ಹಳಿಗೆ ತಳ್ಳಿದರೆ ಅರ್ಧ ದಿನ ಕೇಳುವವರಿಲ್ಲ. ಹಾಗೆ ಕಾಯುತ್ತಾ ಕುಳಿತಾಗ, ಖಾಲಿ ಎಣ್ಣೆ ಡಬ್ಬದ ತಗಡನ್ನು ಕತ್ತರಿಸಿ, ತಾನು ಕುಳಿತ ಡಬ್ಬಿಯನ್ನೇ ನೋಡಿ ನೋಡಿ ಆ ಪುಟ್ಟ ಡಬ್ಬಿ ಮಾಡಿದ್ದರು. ಎರಡು ತುದಿಗೂ ಪುಟ್ಟ ವರಾಂಡ, ಕಂಬಿ, ಕೈಬ್ರೇಕಿನ ಚಕ್ರ, ಒಳಗೊಂದು ಬೆಂಚು. ಬಣ್ಣ ಮಾತ್ರ ನಿಜವಾದ ವ್ಯಾಗನ್ನಿಗೆ ಹೊಡೆದು ಮಿಕ್ಕದ್ದು.

ಪ್ರವೀಣನಿಗೆ ವ್ಯಾಗನ್‌ಗಳ ಅಕ್ಷರಾಭ್ಯಾಸ ಮಾಡಿಸಿದ್ದೂ ಅವರೇ. ಅಮ್ಮನ ಕಡೆಯಿಂದ ದೂರದ ಸಂಬಂಧ, ಬಾಯ್ತುಂಬ ಮಾವ. ಯಾವ ವ್ಯಾಗನ್ನಿನ ಬಾಗಿಲು ಎತ್ತ ತೆರೆಯುತ್ತದೆ, ಸಕ್ಕರೆ ಹೊತ್ತ ಗಾಡಿಗೂ ಗೊಬ್ಬರ ಹೊತ್ತ ಗಾಡಿಗೂ ವಾಸನೆಯಲ್ಲಿ ಏನು ವ್ಯತ್ಯಾಸ, ಎಲ್ಲ ಹೇಳಿಕೊಟ್ಟಿದ್ದರು. ಪ್ರವೀಣ ಕೇಳಿ ಕೇಳಿ ಮಾಡಿದ. ಅವನ ರೈಲಿಗೆ ಒಂದೇ ಕೊರತೆ, ಗಾರ್ಡ್ ಡಬ್ಬಿ. ಕೊನೆಯ ಡಬ್ಬಿಯನ್ನು ಕಣ್ಣಾರೆ ನೋಡಿದ ಮೇಲೆಯೇ ಗಾಡಿ ಪೂರ್ತಿ ಬಂತೆಂದು ಸ್ಟೇಷನ್ ಮಾಸ್ಟರ್ ಒಪ್ಪುತ್ತಾನೆ ಎಂದು ಪೂವಯ್ಯ ಹೇಳುತ್ತಿದ್ದರು. ಪ್ರವೀಣ ಹಲವು ಸಲ ಮಾಡಿದ, ಹಲವು ಸಲ ಒಡೆದು ಹಾಕಿದ. ಮಾಡಿದ್ದೆಲ್ಲ ಅಚ್ಚುಕಟ್ಟಾಗಿರುತ್ತಿತ್ತು, ಆದರೆ ಒಳಗೆ ಯಾರೂ ಕುಳಿತೇ ಇಲ್ಲವೆಂಬಂತೆ ಕಾಣುತ್ತಿತ್ತು.

ಈಗಿನ ಗೂಡ್ಸ್ ಗಾಡಿಗಳಲ್ಲಿ ಎಷ್ಟೋ ಕಡೆ ಗಾರ್ಡ್ ಡಬ್ಬಿಯೇ ಇಲ್ಲ. ಕೊನೆಯ ವ್ಯಾಗನ್ನಿಗೆ ಒಂದು ಪುಟ್ಟ ಯಂತ್ರ ತಗಲಿಸಿದರೆ ಮುಗಿಯಿತು. ಹಾಗಾಗಿ ಮೈಸೂರಿನ ಒಂದು ಸಂಗ್ರಹಾಲಯದವರಿಗೆ ಪೂವಯ್ಯನವರ ತಗಡಿನ ಡಬ್ಬಿಯ ಮೇಲೆ ಕಣ್ಣು ಬಿತ್ತು. ಗಾರ್ಡ್ ಒಬ್ಬನು ಡ್ಯೂಟಿಯಲ್ಲಿ ಕುಳಿತು ಮಾಡಿದ್ದು, ಇಂಥದ್ದು ಇನ್ನೆಲ್ಲಿ ಸಿಕ್ಕೀತು, ನಮಗೆ ಕೊಡಿ ಎಂದರು. ಪೂವಯ್ಯ ಒಪ್ಪಿದರು. ಸುದ್ದಿ ಕೇಳಿದ ಪ್ರವೀಣ ನಾಚಿಕೆ ಬಿಟ್ಟು ಒಮ್ಮೆ ಕೇಳಿಯೂ ಕೇಳಿದ.

"ಮಾವ, ಅದ್‌ನ ನಂಗೆ ಕೊಡಿಕೆ ಆಕಿಲ್ಲೆನಾ? ನನ್ನ ರೈಲಿಗೆ ಕೊನೆ ಡಬ್ಬಿ ಇಲ್ಲೆ."

"ನಿನ್ನ ರೈಲಿಗೆ ನೀನೇ ಮಾಡ್, ಮಗ," ಎಂದರು ಪೂವಯ್ಯ. ಮಾತು ಮುಗಿಯಿತು.

ಕಳ್ಳತನ ಎಂಬ ಪದವನ್ನು ಪ್ರವೀಣ ತನ್ನ ತಲೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಅದಲು ಬದಲು ಎಂದುಕೊಂಡ. ಸಂಗ್ರಹಾಲಯಕ್ಕೆ ಬೇಕಾದದ್ದು ಗಾಜಿನ ಹಿಂದೆ ಇಡಲು ಒಂದು ಡಬ್ಬಿ. ಅದು ಅಸಲೋ ನಕಲೋ, ಗಾಜಿಗೆ ಮೂಗು ತಾಗಿಸುವ ಶಾಲೆ ಮಕ್ಕಳಿಗೇನು? ಪೂವಯ್ಯನವರ ಎರಡು ಕಣ್ಣಿಗೂ ಪೊರೆ ಬಂದಿತ್ತು. ಎದುರಿಗಿರುವವರನ್ನು ದನಿಯಿಂದ ಗುರುತಿಸುತ್ತಿದ್ದರು. ಆಪರೇಷನ್ ಆಗಿ ಕಣ್ಣು ತಿಳಿಯಾಗುವ ಹೊತ್ತಿಗೆ ಡಬ್ಬಿ ಮೈಸೂರಿನಲ್ಲಿ ಬೀಗ ಹಾಕಿದ ಗಾಜಿನೊಳಗಿರುತ್ತದೆ. ಮುಂದೊಂದು ದಿನ ಯಾರಿಗಾದರೂ ಅನುಮಾನ ಬಂದರೂ, ಪರೀಕ್ಷೆ ಮಾಡಲು ಬಲ್ಲವರು ಯಾರೆಂದು ಹುಡುಕಿದರೆ, ಕರೆಸುವುದು ಪ್ರವೀಣನನ್ನೇ. ಇದನ್ನು ಯೋಚಿಸಿದಾಗ ಅವನಿಗೆ ನಗು ಬಂತು. ಮರುಕ್ಷಣ ನಕ್ಕದ್ದಕ್ಕೆ ಮುಖ ಬಿಸಿಯಾಯಿತು.

ಅಸಲನ್ನು ಕೈಗೆ ತಂದುಕೊಳ್ಳುವುದಕ್ಕೆ ಅವನು ಯಾವ ಉಪಾಯವನ್ನೂ ಹೂಡಬೇಕಾಗಲಿಲ್ಲ. ಪೂವಯ್ಯನವರೇ ಫೋನ್ ಮಾಡಿದರು.

"ಮೈಸೂರಿಗೆ ಕೊಂಡೋಗಿಕೆ ಒಂದ್ ಒಳ್ಳೆ ಪೆಟ್ಟಿಗೆ ಬೇಕು. ನೀನೇ ಮಾಡ್. ಬೇರೆಯವ್ರ ಕೈಗೆ ಕೊಡಿಕೆ ನಂಗೆ ಧೈರ್ಯ ಇಲ್ಲೆ."

ಫೋನಿಟ್ಟ ಮೇಲೆ ಪ್ರವೀಣನಿಗೆ ಉಂಡ ಮನೆಗೆ ಎರಡು ಬಗೆಯುವವರ ಬಗ್ಗೆ ಅಮ್ಮ ಹೇಳುತ್ತಿದ್ದ ಮಾತುಗಳೆಲ್ಲ ನೆನಪಾದವು. ಆದರೂ ಮಾರನೆಯ ದಿನವೇ ಬೈಕ್ ಹತ್ತಿ ಹೋಗಿ ಡಬ್ಬಿಯನ್ನು ತಂದ.

ಕೆಲಸ ನಡೆದದ್ದು ಹಗಲಿನಲ್ಲೇ, ಲ್ಯಾಬಿನ ಹುಡುಗಿಯರು ಊಟಕ್ಕೆ ಹೋಗುವ ಹೊತ್ತಿನಲ್ಲಿ. ಹಲ್ಲು ಮಾಡುವವನಿಗೆ ಇದು ಕಷ್ಟದ ವಿದ್ಯೆಯೇನಲ್ಲ. ಬಾಯಲ್ಲಿ ಮಿಕ್ಕಿರುವ ಹಲ್ಲುಗಳ ನಡುವೆ ಹೊಸದೊಂದು ಹಲ್ಲು ಹೊಸದೆಂದು ಕಾಣದಂತೆ ಕೂರಿಸುವುದೇ ಅವನ ಅನ್ನ. ಬೀಡಿ ಸೇದುವವನ ಹಲ್ಲಿಗೆ ಒಂದು ಹಳದಿ, ಎಲೆ ಅಡಿಕೆ ಹಾಕುವವಳ ಹಲ್ಲಿಗೆ ಇನ್ನೊಂದು ಕಂದು. ಗುಜರಿ ಅಂಗಡಿಯಲ್ಲಿ ಹುಡುಕಿ ಹಳೆಯ ಎಣ್ಣೆ ಡಬ್ಬವೊಂದನ್ನು ತಂದ. ಅದರ ತಗಡನ್ನು ಅಳೆದು ಕತ್ತರಿಸಿದ. ಸೊಟ್ಟಗಿದ್ದ ಮೂಲೆಯನ್ನು ಅಷ್ಟೇ ಸೊಟ್ಟಗೆ ಬಗ್ಗಿಸಿದ. ಬಣ್ಣವನ್ನು ಚಹಾದ ಡಿಕಾಕ್ಷನ್ ಮತ್ತು ಮಸಿಯಿಂದ ಮುದಿ ಮಾಡಿದ. ಹಲ್ಲಿಗೆ ಕ್ಲಿಪ್ ಮಾಡುವ ಉಕ್ಕಿನ ತಂತಿಯಿಂದ ಕಂಬಿ ಮತ್ತು ಬ್ರೇಕ್ ಚಕ್ರ ಮಾಡಿ, ಸೂಜಿಯ ಮೊನೆಯಷ್ಟು ಅಂಟು ಹಾಕಿ ಕೂರಿಸಿದ. ಅಸಲಿನ ಗಾಲಿಗಳು ಉರುಳುತ್ತಿರಲಿಲ್ಲ, ತುಕ್ಕು ಹಿಡಿದಿರಬೇಕು. ನಕಲಿನ ಗಾಲಿಗಳಿಗೂ ಅಂಟು ಹಾಕಿ ಉರುಳದಂತೆ ಮಾಡಿದ. ತೂಕ ಕಡಿಮೆ ಬಂತೆಂದು ಬೆಂಚಿನ ಅಡಿಗೆ ಸೀಸದ ಚೂರು ಅಂಟಿಸಿದ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಭೂತಗನ್ನಡಿ ಹಿಡಿದಾಗ ಅವನಿಗೇ ಒಂದು ಕ್ಷಣ ಯಾವುದು ಯಾವುದೆಂದು ಗೊಂದಲವಾಯಿತು.

ಲ್ಯಾಬಿನ ಕಪಾಟಿನಲ್ಲಿ ಗಿರಾಕಿಗಳ ದವಡೆಯ ಪ್ಲಾಸ್ಟರ್ ಅಚ್ಚುಗಳು ಸಾಲಾಗಿರುತ್ತವೆ. ಪೂವಯ್ಯನವರ ದವಡೆ ಮೇಲಿನ ಸಾಲಿನಲ್ಲಿತ್ತು. ಹಲ್ಲಿಲ್ಲದ ಆ ಬಿಳಿ ಬಾಯಿ ಕೆಲಸ ಮಾಡುವಾಗಲೆಲ್ಲ ಅವನನ್ನೇ ನೋಡಿ ನಗುತ್ತಿತ್ತು. ಮೊದಲು ಅದನ್ನು ಗೋಡೆಯ ಕಡೆ ತಿರುಗಿಸಿಟ್ಟ. ಆಮೇಲೆ ತೆಗೆದು ಡ್ರಾಯರಿಗೆ ಹಾಕಿದ. ಡ್ರಾಯರಿಗೆ ಹಾಕಿದ ಮೇಲೆ ಅದು ಅಲ್ಲಿದೆಯೆಂದು ಇನ್ನೂ ಹೆಚ್ಚು ಗೊತ್ತಾಗತೊಡಗಿತು.

ಅಸಲು ಡಬ್ಬಿಯನ್ನು ಮಹಡಿಯ ಕೋಣೆಯಲ್ಲಿ ತನ್ನ ರೈಲಿನ ಕೊನೆಗೆ ನಿಲ್ಲಿಸಿ, ಮೇಲೊಂದು ಗಾಜು ಮುಚ್ಚಿದ. ಇಷ್ಟು ವರ್ಷ ಬರೀ ವ್ಯಾಗನ್‌ಗಳ ಸಾಲಾಗಿದ್ದದ್ದು ಆಗ ರೈಲಾಯಿತು. ಅವನು ಅತ್ತ. ಸಂತೋಷಕ್ಕೆ ಅತ್ತೆನೆಂದು ತನಗೇ ಹೇಳಿಕೊಂಡ, ನಂಬಲಿಲ್ಲ. ಈ ರೈಲನ್ನು ಇನ್ನು ಯಾರಿಗೂ ತೋರಿಸುವಂತಿರಲಿಲ್ಲ. ಪೂವಯ್ಯನವರಿಗಂತೂ ಎಂದೆಂದಿಗೂ ಇಲ್ಲ. ಅವರೊಬ್ಬರು ನೋಡಿ 'ಚಂದ ಉಟ್ಟು' ಎನ್ನಲಿ ಎಂದೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು ಎಂದು ಹೊಳೆದಾಗ ಕೋಣೆಯ ಬಾಗಿಲು ಹಾಕಿ ಕೆಳಗಿಳಿದ. ವಾಪಸು ಕೊಟ್ಟುಬಿಡೋಣ ಎಂದು ಎಷ್ಟೋ ಸಲ ಅನಿಸಿತು. ಅನಿಸಿದಾಗಲೆಲ್ಲ ಹಲ್ಲ್ ಸೆಟ್‌ನ ಮಾತು ನೆನಪಿಗೆ ಬಂದು ಮನಸ್ಸು ಕಲ್ಲಾಗುತ್ತಿತ್ತು.

ಹಸ್ತಾಂತರದ ದಿನ ಸಂಗ್ರಹಾಲಯದಿಂದ ರಂಜಿತಾ ಎಂಬ ಹುಡುಗಿ ಜೀಪಿನಲ್ಲಿ ಪೂವಯ್ಯನವರ ಮನೆಗೆ ಬಂದಳು. ಪ್ರವೀಣ ಮೊದಲೇ ಬಂದಿದ್ದ. ಹೊನ್ನೆ ಮರದ ಪೆಟ್ಟಿಗೆ, ಒಳಗೆ ಮಖಮಲ್ಲು, ಅದರಲ್ಲಿ ನಕಲು. ಪೂವಯ್ಯನವರ ಮಗಳು ಯಮುನ ಅಕ್ಕಿ ರೊಟ್ಟಿ, ಎಳೆ ಬಿದಿರಿನ ಕಣಿಲೆ ಪಲ್ಯ ಬಡಿಸಿದಳು. ಪ್ರವೀಣನ ತಟ್ಟೆಗೆ ಕೇಳದೆಯೇ ಇನ್ನೊಂದು ರೊಟ್ಟಿ ಬಿತ್ತು.

"ಸಾಕು, ಯಮುನ."

"ತಿನ್ನಿ ಭಾವ. ಅಪ್ಪನ ಗಾಡಿಗೆ ಅಷ್ಟ್ ಚಂದ ಪೆಟ್ಟಿಗೆ ಮಾಡ್ದವ್ಕೆ ಒಂದ್ ರೊಟ್ಟಿ ಆದ್ರೂ ಕೊಡೊಕಲ್ಲಾ?"

ಪ್ರವೀಣ ತಲೆಯೆತ್ತದೆ ರೊಟ್ಟಿ ಮುರಿದ. ರಂಜಿತಾ ಅವನ ಕಡೆ ತಿರುಗಿ, "ಡಬ್ಬಿ ಚೆನ್ನಾಗಿ ಗೊತ್ತಿರೋರು ನೀವೇ ಅಂತೆ ಸರ್?" ಎಂದಳು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನು ಯಾರೂ ಕೇಳದಿದ್ದರೂ ಪೆಟ್ಟಿಗೆ ತೆಗೆದು ತೋರಿಸಿ, ತಗಡು ಎಂಥದು, ಬಣ್ಣ ಎಂಥದು ಎಂದು ಬಡಬಡಿಸಿದ. ಅವಳು ಎಲ್ಲವನ್ನೂ ತಲೆಯಾಡಿಸಿ ಒಪ್ಪಿದಳು. ಪೂವಯ್ಯನವರೂ ಡಬ್ಬಿಯನ್ನು ಎರಡು ಕೈಯಲ್ಲಿ ಎತ್ತಿ ಮುಖದ ಹತ್ತಿರ ತಂದು, ಸೊಟ್ಟ ಮೂಲೆಯನ್ನು ಸವರಿ, ತೂಕ ನೋಡಿ, ಸಮಾಧಾನದಿಂದ ಉಸಿರುಬಿಟ್ಟರು. ಕೊನೆಯ ಗಂಡಾಂತರವೂ ಕಳೆಯಿತೆಂದು ಪ್ರವೀಣ ಗೋಡೆಗೆ ಒರಗಿದ. ಗೆದ್ದೆನೆಂಬ ಸಂತೋಷ ಬರಲಿಲ್ಲ. ಈ ಮನೆಯ ಹೊಸ್ತಿಲನ್ನು ಮತ್ತೆ ಹೇಗೆ ತುಳಿಯಲಿ ಎಂಬುದೊಂದೇ ಯೋಚನೆ ಬಂತು.

ರಂಜಿತಾ ಜೀಪಿನಿಂದ ಒಂದು ಮರದ ಹಲಗೆ ತಂದಿದ್ದಳು. ಅದರ ಮೇಲೆ ಗೇಣುದ್ದದ ಪುಟ್ಟ ಹಳಿ. "ನೀವೇ ಕೈಯಾರೆ ಹಳಿ ಮೇಲೆ ನಿಲ್ಲಿಸಿ ಸರ್, ವೀಡಿಯೊ ಮಾಡ್ಕೋತೀನಿ" ಎಂದು ಮೊಬೈಲ್ ಹಿಡಿದಳು.

ಪೂವಯ್ಯ ಡಬ್ಬಿಯನ್ನು ಹಳಿಯ ತುದಿಯಲ್ಲಿಟ್ಟರು. "ಸ್ವಲ್ಪ ಮಧ್ಯಕ್ಕೆ ತಳ್ಳಿ ಸರ್" ಎಂದಳು ರಂಜಿತಾ. ಗಾರ್ಡ್ ಆದವನು ನಿಂತ ಡಬ್ಬಿಯನ್ನು ಹಾಗೆ ತಳ್ಳುವುದಿಲ್ಲ. ಅವರು ಎರಡು ಬೆರಳನ್ನು ವರಾಂಡದೊಳಕ್ಕೆ ತೂರಿಸಿ, ಬ್ರೇಕ್ ಸಡಿಲಿಸಲು ಪುಟ್ಟ ಚಕ್ರವನ್ನು ತಿರುಗಿಸಿದರು. ಟಿಕ್ಕೆಂದು ಚಕ್ರ ಮುರಿದು ಅವರ ಬೆರಳಿಗೆ ಬಂತು. ಆ ಬ್ರೇಕು ನಿಜವಾಗಿ ಕೆಲಸ ಮಾಡುತ್ತಿತ್ತೆಂದು ಪ್ರವೀಣನಿಗೆ ಗೊತ್ತಾದದ್ದು ಆಗ. ಗಾಲಿಗಳನ್ನು ಹಿಡಿದಿದ್ದದ್ದು ತುಕ್ಕಲ್ಲ. ಡಬ್ಬಿಯನ್ನು ಎಲ್ಲಿಟ್ಟರೂ ಮಾವ ಬ್ರೇಕ್ ಬಿಗಿದೇ ಇಡುತ್ತಿದ್ದರು. ಇಡುವಾಗ ವರಾಂಡದಲ್ಲಿ ಆಡುತ್ತಿದ್ದ ಆ ಹೆಬ್ಬೆರಳನ್ನು ಪ್ರವೀಣ ಇಷ್ಟು ವರ್ಷ ನೋಡಿ, ಮುದುಕ ಮುದ್ದು ಮಾಡುತ್ತಾನೆ ಎಂದುಕೊಂಡಿದ್ದ. ನೋಟಕ್ಕೆಂದೇ ಚಕ್ರ ಮಾಡುವವನಿಗೆ, ಚಕ್ರವೆಂದ ಮೇಲೆ ತಿರುಗಿಸಿ ನೋಡಬೇಕೆಂದು ಹೊಳೆದಿರಲೇ ಇಲ್ಲ. ಪೂವಯ್ಯ ಮುರಿದ ಚಕ್ರವನ್ನು ಅಂಗೈಯಲ್ಲಿಟ್ಟುಕೊಂಡು, ಇನ್ನೊಂದು ಕೈಯಿಂದ ಡಬ್ಬಿಯನ್ನು ಉದ್ದಕ್ಕೂ ನಿಧಾನವಾಗಿ ತಡವಿದರು. ಯಮುನ ಕಾಫಿ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು. ಪೂವಯ್ಯನವರ ಮಂಜುಗಣ್ಣು ದನಿಗಾಗಿ ಹುಡುಕುತ್ತಾ ಪ್ರವೀಣ ಒರಗಿದ್ದ ಗೋಡೆಯ ಕಡೆ ತಿರುಗಿತು. "ಚಂದ ಉಟ್ಟು ಪ್ರವೀಣ," ಎಂದರು ಅವರು, "ನಿನ್ನ ಕೈಕೆಲ್ಸ ಭಾರೀ ಚಂದ ಉಟ್ಟು. ನಂದ್ ಎಲ್ಲಿ ಉಟ್ಟು, ಮಗ?"