ಬೆಂದ ಬಂಡೆ

"ಮಂಕರಿ ಕೆಳಗಿಡು. ಆ ಮಣ್ಣ ಮುಟ್ಬ್ಯಾಡ."

ಪರಿಮಳಳ ದನಿ ಕೇಳಿ ಬುಟ್ಟಿ ಹೊತ್ತಿದ್ದ ಮಣಿಕಂಠ ನಿಂತಲ್ಲೇ ನಿಂತ.

ಪಣಕಹಳ್ಳಿಯ ಆ ಅರೆತೋಡಿದ ಬಾವಿ ಕುಸಿದು ಅವಳ ಅಣ್ಣ ಬೊಮ್ಮ ಸತ್ತು ಇಪ್ಪತ್ತು ದಿನವಾಗಿತ್ತು. 2006ರ ದೀಪಾವಳಿ ಹತ್ತಿರ ಬಂದಿತ್ತು. ಬಾವಿಯಿಂದ ಎತ್ತಿ ಹಾಕಿದ್ದ ಬಿಳಿ ಮಣ್ಣನ್ನು ಹೆಂಗಸರು ಗೋಡೆಗೆ ಬಳಿಯಲು ಒಯ್ಯುತ್ತಿದ್ದರು. ಪಕ್ಕದ ಮನೆ ಪುಟ್ಟನಂಜಮ್ಮನ ಗೋಡೆ ಬೆಳ್ಳಗಾದದ್ದು ಕಂಡೇ ಪರಿಮಳ ಓಡಿ ಬಂದಿದ್ದಳು.

"ನೀನೂ ಗೋಡೆಗೆ ಬಳೀತೀಯಾ?"

"ಇಲ್ಲ... ಬಾವಿ ಮುಚ್ತಾವ್ನಿ. ಒಲದ ಯಜಮಾನ್ರೂ ಮುಚ್ಚು ಅಂದವ್ರೆ."

ಬೊಮ್ಮ ಕೆಳಗಿದ್ದಾಗ ಮೇಲೆ ಹಗ್ಗ ಹಿಡಿದಿದ್ದವನು ಇವನೇ. ಜೀರಹಳ್ಳಿ ಕಾಡಿನಲ್ಲಿ ಭೂಗರ್ಭ ಇಲಾಖೆಯ ಸಾಹೇಬರಿಗೆ ಕಲ್ಲು ಹೊತ್ತು, ಕಲ್ಲಿನ ಗುಣ ಕಲಿತವನೂ ಇವನೇ.

"ನಿಂಗ ಗೊತ್ತಿತ್ತು. ನಮ್ಮಣ್ಣಂಗ ಯಾಕ ಯೋಳ್ನಿಲ್ಲ?"

"ಯೋಳ್ದೆ ಪರಿಮಳ. ಯಾವ ಕಾಲ್ದಲ್ಲೋ ಭೂಮಿ ಒಳ್ಗ ಕುದಿಯೋ ನೀರು ಬಂಡೆ ಸಂದೀಲಿ ನುಗ್ಗಿತ್ತಂತೆ. ಬಂಡೆ ಬೆಂದು ಮಣ್ಣಾಗ್ಬುಟ್ಟದೆ. ನೋಡಕ್ಕ ಕಲ್ಲೇ, ಒಳ್ಗ ಕಸುವಿಲ್ಲ... ನಿನ್ ಮುಂದೇನೇ ಯೋಳಿದ್ದು."

ಹೌದು. ಅಣ್ಣನಿಗೆ ಬುತ್ತಿ ತಂದಿದ್ದ ಆ ಮಧ್ಯಾಹ್ನ. ಕೂಲಿಗೆಂದು ಊರಿಗೆ ಬಂದಿದ್ದ ಇವನನ್ನು ಮೊದಲು ಕಂಡದ್ದೂ ಅಂದೇ. 'ಕಲ್ಲೂ ಬೇಯ್ತದಾ? ಉಪ್ಪು ಆಕಿದ್ರಾ?' ಎಂದು ಅವಳು ಬಿದ್ದು ಬಿದ್ದು ನಕ್ಕಿದ್ದಳು. ಬೊಮ್ಮ ಹಾರೆಯಿಂದ ಒಂದೇಟು ಹಾಕಿದ. ಅದು ತಾಗಿದ್ದು ಬೇಯದೆ ಉಳಿದಿದ್ದ ಬಿಳಿಗಲ್ಲಿನ ಪಟ್ಟೆಗೆ. ಠಣ್ ಎಂದಿತು. ಕಲ್ಲು ಗಟ್ಟಿಯಿದೆ ಎಂದುಕೊಂಡು ಅವನೂ ನಗುತ್ತಲೇ ಇಳಿದ. ಸಂಜೆಯೊಳಗೆ ಬಾವಿಯ ಗೋಡೆ ಅವನ ಮೇಲಿತ್ತು.

ಅಯ್ಯೋ ಶಿವನೇ... ನಾನು ನಗದಿದ್ದರೆ?

ಅವಳು ಮಣ್ಣಿನ ರಾಶಿಯ ಮೇಲೆಯೇ ಕೂತಳು. "ನಾ ನಕ್ಕಿದ್ಕೇ ಅಣ್ಣ ಇಳ್ದ..."

"ಅಲ್ಲ ಕಣ. ನೀ ನಕ್ಕಿದ್ದ ನೋಡಿ, ಇನ್ನೊಂದ್ಸಲ ನಗ್ಲಿ ಅಂತ ನಾನೇ ಆ ಮಾತ ತಮಾಸೆ ಮಾಡ್ಬುಟ್ಟೆ. 'ಉಪ್ಪು, ಕಾರ ಎಲ್ಲಾ ಆಕವ್ರೆ' ಅಂದೆ. ಬೊಮ್ಮಣ್ಣ ಅದ್ಕೇ ನಂಬ್ನಿಲ್ಲ." ಅವನು ಮಂಕರಿ ಕೆಳಗಿಟ್ಟ. "ನಿನ್ ನಗು ನಂಗ ಅಷ್ಟು ಇಷ್ಟ ಆಗೋಗಿತ್ತು."

ಅವಳು ಅವನ ಕೈ ನೋಡಿದಳು. ಹಗ್ಗ ಉಜ್ಜಿ ಸುಲಿದುಹೋಗಿದ್ದ ಅಂಗೈ ಇನ್ನೂ ಮಾಗಿರಲಿಲ್ಲ. ಕೊನೆಯವರೆಗೂ ಅವನು ಹಗ್ಗ ಬಿಟ್ಟಿರಲಿಲ್ಲ. ತನ್ನ ಪಾಪದಲ್ಲಿ ಅರ್ಧ ಹೊತ್ತವನು ಊರಲ್ಲಿ ಇವನೊಬ್ಬನೇ ಅನ್ನಿಸಿ ಅವಳಿಗೆ ಅಳು ಬಂತು.

ಅವಳು ಎದ್ದು ಮಂಕರಿಯ ಒಂದು ಬದಿ ಹಿಡಿದಳು. ಇಬ್ಬರೂ ಎತ್ತಿ ಬಾವಿಗೆ ಸುರಿದರು.

"ನಂಗ ಇನ್ಮೇಲೆ ನಗಾಕಾಯ್ತದಾ ಮಣಿ?"

"ಗೊತ್ತಿಲ್ಲ... ನೀ ನಗ್ದಿದ್ರೂ ನಾ ಇರ್ತೀನಿ."

"ಇರು," ಎಂದಳು ಕಣ್ಣೊರೆಸಿಕೊಂಡು. "ಇನ್ನೊಂದು ಮಂಕರಿ ತುಂಬು."